ಹಳೇ ಸೀರೆಯಲ್ಲಿ ಸೋಸಿದ ನೀರು

ಈರಮ್ಮನಿಗೆ ನಾನು ಸುಳ್ಳು ಹೇಳಿದೆ. ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಬಾವಿಯ ನೀರು ಸೋಸಿದರೆ ನಡೆಯುತ್ತದೆಯೇ ಎಂದು ಅವಳು ಕೇಳಿದಳು, ನಡೆಯುವುದಿಲ್ಲ ಎಂದೆ. ನಡೆಯುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ — ಬಾಯಿ ತಪ್ಪಿ ಅಲ್ಲ, ಅವಸರದಲ್ಲಿ ಅಲ್ಲ, ಯಾರ ಹೆದರಿಕೆಗೂ ಅಲ್ಲ. ನನ್ನ ನೋಟುಬುಕ್ಕಿನಲ್ಲಿ ಎರಡು ಪಟ್ಟಿಗಳಿದ್ದವು. ಅವೆರಡೂ ಕಲಬೆರಕೆಯಾಗಬಾರದು ಎಂದು ಹೇಳಿದೆ.

ಇದಾಗಿ ಐವತ್ತು ವರ್ಷದ ಮೇಲಾಯಿತು. ಅಂದಿನಿಂದ ಕೊರಗಿ ಕೊರಗಿ ಕಡ್ಡಿಯಾದೆ ಎಂದು ಬರೆದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ನಾನು ಚೆನ್ನಾಗಿಯೇ ಬದುಕಿದೆ. ಗದ್ವಾಲದಲ್ಲಿ ಮನೆ ಇದೆ. ಹೆಂಡತಿ ನನ್ನ ಚಹಕ್ಕೆ ಇವತ್ತಿಗೂ ಕದ್ದು ಸಕ್ಕರೆ ಕಡಿಮೆ ಹಾಕುತ್ತಾಳೆ. ಮಧ್ಯಾಹ್ನ ಉಂಡು ಒರಗಿದರೆ ಕಣ್ತುಂಬ ನಿದ್ದೆ. ಇಂಥದ್ದು ಮಾಡಿದವನಿಗೆ ಇಷ್ಟು ಒಳ್ಳೆ ನಿದ್ದೆ ಹೇಗೆ ಬರುತ್ತದೆ ಎಂದು ನನಗೇ ಒಮ್ಮೊಮ್ಮೆ ಆಶ್ಚರ್ಯ. ಬರುತ್ತದೆ, ಬಂತು. ಅದನ್ನೂ ಒಪ್ಪಿಕೊಂಡೇ ಮುಂದೆ ಬರೆಯುತ್ತೇನೆ.

ನಾನು ಮಕ್ತಲದವನು. ಇಪ್ಪತ್ತೆರಡನೆಯ ವಯಸ್ಸಿಗೆ ನಿಜಾಮರ ಸರ್ಕಾರದಲ್ಲಿ ಸಿಡುಬಿನ ಚುಚ್ಚು ಹಾಕುವ ಕೆಲಸ ಸಿಕ್ಕಿ ನಾರಾಯಣಪೇಟೆಗೆ ಬಂದೆ. ಜನ ನನ್ನನ್ನು ಸೂಜಿ ಮಾಸ್ತರ ಎನ್ನುತ್ತಿದ್ದರು. ನಾನು ಓಣಿಗೆ ಕಾಲಿಟ್ಟರೆ ನೇಕಾರರ ಮಕ್ಕಳು ಮಗ್ಗದ ಗುಣಿಗೆ ಇಳಿದು ಅಡಗಿಕೊಳ್ಳುತ್ತಿದ್ದವು — ಅಲ್ಲಿ ನೇಕಾರರು ನೆಲದಲ್ಲಿ ಗುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ. ಸಂಬಳ ಸಣ್ಣದು, ಗತ್ತು ದೊಡ್ಡದು. ಕೋಟಿನ ಜೇಬಿನಲ್ಲಿ ಒಂದು ಪೆನ್ಸಿಲು, ಒಂದು ನೋಟುಬುಕ್ಕು. ಕಂಡದ್ದನ್ನೆಲ್ಲ ಬರೆದುಕೊಳ್ಳುವ ಹುಚ್ಚು ನನಗೆ ಹುಟ್ಟಿನಿಂದಲೇ ಬಂದಿತ್ತೋ ಏನೋ.

ನೇಕಾರರದು ಎರಡು ಓಣಿ, ಮೇಲಿನದು ಮತ್ತು ಕೆಳಗಿನದು. ಎರಡಕ್ಕೂ ನಡುವೆ ಒಂದೇ ಪಾವಟಿಗೆ ಬಾವಿ. ಮೆಟ್ಟಿಲಿಳಿದು, ನೀರಿನಲ್ಲಿ ಕಾಲಿಟ್ಟು, ಕೊಡ ತುಂಬಿಕೊಂಡು ಬರಬೇಕು. ಬೇಸಿಗೆ ಬಂತೆಂದರೆ ಆ ಎರಡು ಓಣಿಗಳಲ್ಲಿ ನಾರುಹುಣ್ಣು. ಇಂದಿನವರು ಅದನ್ನು ಕಂಡಿಲ್ಲ, ಕಾಣುವುದೂ ಬೇಡ. ಕಾಲಿನಲ್ಲಿ ಒಂದು ಬೊಬ್ಬೆ ಎದ್ದು ಒಡೆಯುತ್ತದೆ. ಅದರಿಂದ ದಾರದಂಥ ಬಿಳಿ ಹುಳು ಹೊರಗೆ ತಲೆ ಹಾಕುತ್ತದೆ. ಮೊಳದುದ್ದ, ಎರಡು ಮೊಳದುದ್ದ. ಎಳೆದರೆ ಹರಿಯುತ್ತದೆ, ಹರಿದರೆ ಕಾಲು ಬಾತು ಕೀವಾಗುತ್ತದೆ. ಆದ್ದರಿಂದ ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಬೆರಳಿನಷ್ಟು ಹೊರಗೆ ತೆಗೆಯಬೇಕು. ವಾರಗಟ್ಟಲೆ ಮಗ್ಗ ನಿಲ್ಲುತ್ತಿತ್ತು. ಜನ ಅದನ್ನು ದೇವರ ಮುನಿಸು ಎನ್ನುತ್ತಿದ್ದರು.

ನನಗೆ ಒಂದು ಹರಕು ಪುಸ್ತಕ ಸಿಕ್ಕಿತ್ತು. ಅದರಲ್ಲಿ ಎಲ್ಲವೂ ಇತ್ತು. ಹುಣ್ಣಿನ ಕಾಲು ಬಾವಿಗೆ ಇಳಿದಾಗ ಹುಳುವಿನ ಮರಿಗಳು ನೀರಿಗೆ ಬೀಳುತ್ತವೆ. ನೀರಿನಲ್ಲಿರುವ ಚುಕ್ಕೆಯಷ್ಟು ಸಣ್ಣ ಚಿಗಟಗಳು ಅವನ್ನು ನುಂಗುತ್ತವೆ. ಆ ನೀರು ಕುಡಿದವರಿಗೆ ಒಂದು ವರ್ಷ ಕಳೆದ ಮೇಲೆ ಹುಳು ಹೊರಬರುತ್ತದೆ. ದಪ್ಪಗೆ ಮಡಚಿದ ಬಟ್ಟೆಯಲ್ಲಿ ಸೋಸಿದರೆ ಚಿಗಟ ಬಟ್ಟೆಯ ಮೇಲೆಯೇ ಉಳಿಯುತ್ತದೆ. ಇಷ್ಟೇ. ನನಗೂ ಮುಂಚೆ ಯಾರೋ ಕಂಡುಹಿಡಿದು ಬರೆದಿಟ್ಟಾಗಿತ್ತು.

ಈರಮ್ಮ ಮೇಲಿನ ಓಣಿಯವಳು. ಗಂಡ ಸೊಲ್ಲಾಪುರದ ಗಿರಣಿಗೆ ಹೋದವನು ವರ್ಷಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅವಳು, ನಾಲ್ಕು ವರ್ಷದ ಮಗಳು ನಾಗಮ್ಮ, ಒಂದು ಮಗ್ಗ. ರೇಷ್ಮೆಯ ಅಂಚನ್ನು ಹತ್ತಿಯ ಮೈಗೆ ಕೂಡಿಸುವ ಕೆಲಸದಲ್ಲಿ ಅವಳ ಸಮ ಬೇರೆ ಯಾರೂ ಇರಲಿಲ್ಲ — ಕೂಡಿಸಿದ ಜಾಗವನ್ನು ಬೆರಳಿನಿಂದ ಹುಡುಕಿದರೂ ಸಿಗುತ್ತಿರಲಿಲ್ಲ. ಬಾಯಿಯೂ ಅಷ್ಟೇ ಚುರುಕು. ಪೊಲೀಸ್ ಆ್ಯಕ್ಷನ್ ಆಗುವ ವರ್ಷದ ಬೇಸಿಗೆ ಅದು. ಊರೂರಲ್ಲಿ ಗಲಾಟೆ, ನೂಲು ಬರುವುದು ನಿಂತು ಮಗ್ಗಗಳು ಬಾಯಿ ಮುಚ್ಚಿದ್ದವು. ನಾನು ಗಾಯಕ್ಕೆ ಕಟ್ಟುವ ಅರಿವೆ ಬೇಕೆಂದು ಅರ್ಜಿ ಬರೆದು ಸರ್ಕಾರದಿಂದ ಒಂದಿಷ್ಟು ನೂಲು ತರಿಸಿದೆ. ಎರಡೂ ಓಣಿಯ ಎಲ್ಲ ಮನೆಗೆ ಸಾಕಾಗುವಷ್ಟು ಸೋಸುವ ಅರಿವೆ ನೇಯಲು ಈರಮ್ಮನಿಗೆ ಕೊಟ್ಟೆ.

ಹಾಗೆ ಕೊಟ್ಟಾಗ ನನ್ನ ಮನಸ್ಸು ಚೊಕ್ಕವಾಗಿತ್ತು. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಚೊಕ್ಕವಾಗಿದ್ದದ್ದು ಎಷ್ಟು ಬೇಗ ಕೆಟ್ಟಿತು ಎಂಬುದಕ್ಕೆ ಹೇಳುತ್ತಿದ್ದೇನೆ.

ನಾರಾಯಣಪೇಟೆಯಲ್ಲಿ ಒಂದೇ ಹಾಸಿನಲ್ಲಿ ಎಂಟು ಸೀರೆ ತೆಗೆಯುತ್ತಾರೆ. ಉದ್ದ ಎಳೆಗಳ ಆ ಹಾಸನ್ನು ಒಮ್ಮೆ ಮಗ್ಗಕ್ಕೆ ಏರಿಸಿದರೆ ಎಂಟು ಮುಗಿಯುವವರೆಗೆ ಇಳಿಸುವಂತಿಲ್ಲ. ಅದೇ ಲೆಕ್ಕದಲ್ಲಿ ಅವಳು ಎಷ್ಟು ತುಂಡು ಬರುತ್ತದೆಂದು ನೂಲು ನೋಡಿಯೇ ಹೇಳಿದಳು. ಹೇಳಿದಷ್ಟೇ ನೇಯ್ದು ಕೊಟ್ಟಳು. ಅಡ್ಡ ಎಳೆಯ ಹೊಕ್ಕನ್ನು ಒತ್ತಿ ಒತ್ತಿ ಬಡಿದ ಅರಿವೆ, ಹಿಟ್ಟು ಜರಡಿ ಹಿಡಿಯಬಹುದಿತ್ತು. ಒಂದು ತುಂಡು ನೀನು ಈಗಲೇ ಇಟ್ಟುಕೋ ಎಂದೆ. ಅವಳು ನಕ್ಕಳು.

“ಇನ್ನೊಬ್ರು ಕೊಟ್ಟ ಹಾಸಿನಾಗ ನೇಕಾರಾಕಿ ಒಂದು ಗೇಣೂ ಇಟ್ಕೋಬಾರದ್ರಿ. ನೀವು ಎಲ್ಲಾರಿಗೀ ಹಂಚೂವಾಗ ಕೊಡ್ರಿ, ತಗೋತೀನಿ.”

ಅವರಲ್ಲಿ ಅದು ಕಟ್ಟುಪಾಡು. ಕೊಟ್ಟ ನೂಲಿನಲ್ಲಿ ಒಂದು ಎಳೆ ಮನೆಯಲ್ಲಿ ಉಳಿದರೂ ಮಗ್ಗ ಕೈ ಕೊಡುತ್ತದೆ ಎಂದು ನಂಬಿದವರು. ಆಗ ನನಗೆ ಅದು ಹಳ್ಳಿಯ ಮೂಢತನ ಎನಿಸಿತು. ಈಗ — ಇರಲಿ.

ಹಂಚುವ ಮುಂಚೆ ಶಾಬಾಷ್ ಎನ್ನಿಸಿಕೊಳ್ಳುವ ಆಸೆಯಿಂದ ನಮ್ಮ ಮೇಲಧಿಕಾರಿ ಡಾಕ್ಟರ ಸಾಹೇಬರ ಹತ್ತಿರ ಹೋದೆ. ಬಾವಿಯ ಮೆಟ್ಟಿಲು ಮುಚ್ಚಿಸಿ ಮೇಲಿಂದ ಸೇದುವ ರಾಟೆ ಹಾಕಿಸಿದರೆ ಹುಳುವಿನ ಬೇರೇ ಹೋಗುತ್ತದೆ, ಅದಕ್ಕೆ ಹಣ ಮಂಜೂರು ಮಾಡಿಸಿ ಎಂದೆ. ಅವರು ಒಳ್ಳೆಯವರು, ನಿಧಾನದವರು. ಕನ್ನಡಕ ಒರೆಸುತ್ತ “ಸಬೂತ್ ಲಾವ್ ಮಿಯಾ, ಕಿತಾಬ್ ಮೇ ತೋ ಸಬ್ ಲಿಖಾ ರಹತಾ” ಎಂದರು. ಪುಸ್ತಕದಲ್ಲಿ ಎಲ್ಲ ಇರುತ್ತದೆ, ಪುರಾವೆ ತಾ. ಎಲ್ಲರಿಗೂ ಅರಿವೆ ಕೊಟ್ಟೆ, ಮುಂದಿನ ವರ್ಷ ಹುಳು ಕಡಿಮೆಯಾಯಿತು ಅನ್ನು — ಅದು ಅರಿವೆಯಿಂದಲೋ ಆ ವರ್ಷವೇ ಹಾಗಿತ್ತೋ, ಹೇಗೆ ಹೇಳುತ್ತೀ?

ಅವರು ಅಷ್ಟೇ ಅಂದದ್ದು. ಅರ್ಧ ಜನಕ್ಕೆ ಕೊಡಬೇಡ ಎಂದು ಅವರು ಹೇಳಲಿಲ್ಲ. ಅದು ನನ್ನ ತಲೆಗೆ ಬಂದದ್ದು, ಎತ್ತಿನ ಗಾಡಿಯಲ್ಲಿ ಹಿಂತಿರುಗುವಾಗ, ಹಾಡು ಗುನುಗುತ್ತ. ಕೆಳಗಿನ ಓಣಿಗೆ ಕೊಡುವುದು, ಮೇಲಿನ ಓಣಿಗೆ ಕೊಡದಿರುವುದು. ಒಂದೇ ಬಾವಿ, ಒಂದೇ ಕಸುಬು, ಒಂದೇ ಊಟ. ಇದಕ್ಕಿಂತ ಚೊಕ್ಕ ಪುರಾವೆ ಎಲ್ಲಿ ಸಿಗಬೇಕು? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನಗೆ ಬೇಕಾಗಿತ್ತು. ನಿಜ ಹೇಳುತ್ತೇನೆ, ಆ ದಿನದಷ್ಟು ಖುಷಿ ನನ್ನ ಮದುವೆಯ ದಿನವೂ ಆಗಲಿಲ್ಲ.

ಕೆಳಗಿನ ಓಣಿಯ ಮನೆಮನೆಗೂ ಹೋಗಿ ಅರಿವೆ ಕೊಟ್ಟು ಸೋಸುವುದನ್ನು ಕಲಿಸಿದೆ. ಯಾಕೆ ಎಂದು ಹೇಳಲಿಲ್ಲ; ಕಸ ಸೋಸಲು ಸರ್ಕಾರದ ಹುಕುಂ, ಬೇರೆಯವರಿಗೆ ಕಡ ಕೊಡಬೇಡಿ ಎಂದೆ. ಉಳಿದರ್ಧ ಅರಿವೆ ನನ್ನ ಕೋಣೆಯ ಕಬ್ಬಿಣದ ಪೆಟ್ಟಿಗೆ ಸೇರಿತು. ನೋಟುಬುಕ್ಕಿನಲ್ಲಿ ಮೇಲಿನ ಓಣಿಯವರ ಹೆಸರು ಬರೆಯಲಿಲ್ಲ. ನಂಬರು ಹಾಕಿದೆ. ಈರಮ್ಮ ಹನ್ನೊಂದು.

ಎಂಟು ದಿನ ಆಗಿರಲಿಲ್ಲ, ಬಾವಿಯ ದಂಡೆಯಲ್ಲಿ ಹನ್ನೊಂದು ನನ್ನ ಎದುರಿಗೆ ಕೊಡ ಇಳಿಸಿ ನಿಂತಳು.

“ಏನ್ರಿ ಮಾಸ್ತರ್ರ, ನಮ್ಮ ಓಣಿಗಿ ಅರಿವಿ ಎಂದು ಕೊಡ್ತೀರಿ?”

“ಅರಿವಿ ಕಮ್ಮಿ ಬಿತ್ತವ್ವ. ಮುಂದಿನ ವರ್ಷ ನೋಡೋಣು.”

ಅವಳು ನನ್ನ ಮುಖವನ್ನೇ ನೋಡಿದಳು. ನೇಯ್ದವಳಿಗೆ ಅರಿವೆ ಕಡಿಮೆ ಬಿತ್ತು ಎಂದು ಹೇಳಿದೆನಲ್ಲ — ನಾನು ಓದಿದವನು, ಜಾಣ! ಹೂರಣ ಅರೆದವಳಿಗೆ ಹೋಳಿಗೆ ಎಷ್ಟೆಂದು ಗೊತ್ತಿರುವುದಿಲ್ಲವೇ? ಆದರೆ ಅವಳು ಎಣಿಸಿ ಹೇಳಲಿಲ್ಲ, ಜಗಳ ತೆಗೆಯಲಿಲ್ಲ.

“ಹೋಗ್ಲಿ ಬಿಡ್ರಿ. ಹಳೇ ಸೀರಿ ನಾಕು ಮಡಿಕಿ ಮಾಡಿ ಸೋಸಿದ್ರ ನಡೀತೈತೇನು? ಹುಡುಗಿ ಕುಡೀತಾಳ, ಅದಕ ಕೇಳಿದೆ.”

“ಹಳೇ ಸೀರ್ಯಾಗ ಏನೂ ಫಾಯ್ದಾ ಇಲ್ಲ. ಸುಮ್ಮನ ತ್ರಾಸ ತಗೋಬ್ಯಾಡ.”

“ಹಂಗಾರ ಬಿಡ್ರಿ. ಓದಿದವ್ರು ನೀವು.”

ಕೊಡ ಹೊತ್ತು ಹೋದಳು. ಸೋಸದ ನೀರು ಅದರಿಂದ ತುಳುಕಿ ಅವಳ ಹೆಗಲ ಮೇಲೆ ಚೆಲ್ಲಿತು. ನಾನು ನೋಡುತ್ತ ನಿಂತಿದ್ದೆ.

ಆಮೇಲೆ ಮಳೆಗಾಲದಲ್ಲಿ ಗಾಳಿಮಾತುಗಳು ಹೆಚ್ಚಿದವು. ಯಾವ ಊರು ಸುಟ್ಟರು, ಯಾರು ನದಿ ದಾಟಿ ಓಡಿದರು, ಇದೇ ಸುದ್ದಿ. ಒಂಟಿ ಹೆಂಗಸು, ಹೆದರಿಕೆ. ಈರಮ್ಮ ಮಗಳನ್ನು ಕರೆದುಕೊಂಡು ಕೆಳಗಿನ ಓಣಿಯ ಅಕ್ಕನ ಮನೆಗೆ ಹೋಗಿ ಇರುವುದೆಂದು ಗಂಟು ಕಟ್ಟಿದಳು. ನಾನು ಓಡಿಹೋಗಿ ತಡೆದೆ. ಏನೂ ಆಗುವುದಿಲ್ಲ, ನಾನಿದ್ದೇನೆ, ಮಗ್ಗ ಬಿಟ್ಟು ಹೋಗಬೇಡ ಎಂದೆ. ದಿನಾ ಸಂಜೆ ಓಣಿಯಲ್ಲಿ ಒಂದು ಸುತ್ತು ಹಾಕಿ ಧೈರ್ಯ ಹೇಳುತ್ತಿದ್ದೆ. ಆ ದಿನಗಳಲ್ಲಿ ಮಾಸ್ತರ ದೇವರಂತೆ ಕಾದ ಎಂದು ಮೇಲಿನ ಓಣಿಯವರು ಇವತ್ತಿಗೂ ಹೇಳುತ್ತಾರಂತೆ. ನಾನು ಕಾದದ್ದು ನೋಟುಬುಕ್ಕನ್ನು. ಹನ್ನೊಂದನೆಯ ನಂಬರು ಕೆಳಗಿನ ಓಣಿಗೆ ಹೋದರೆ ಪಟ್ಟಿ ಕೆಡುತ್ತಿತ್ತು.

ಭಾರತದ ಸೈನ್ಯ ಬಂತು. ಐದು ದಿನದಲ್ಲಿ ಎಲ್ಲ ಮುಗಿದು ನಿಜಾಮರ ಸರ್ಕಾರ ಹೋಯಿತು. ಊರೆಲ್ಲ ಹೊಸ ಬಾವುಟ ನೋಡಲು ಬಯಲಿಗೆ ಹೋದಾಗ ನಾನು ನೋಟುಬುಕ್ಕನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ಅರಿವೆಯ ಪೆಟ್ಟಿಗೆಯಲ್ಲೇ ಬೀಗ ಹಾಕುತ್ತಿದ್ದೆ. ಬಾವುಟವನ್ನು ಮರುದಿನ ನೋಡಿದೆ.

ಬೇಸಿಗೆ ತಿರುಗಿ ಬಂತು. ಪುಸ್ತಕದಲ್ಲಿ ಹೇಳಿದಂತೆಯೇ ಆಯಿತು. ಕೆಳಗಿನ ಓಣಿಯ ಪುಟಗಳು ಹೆಚ್ಚುಕಡಿಮೆ ಖಾಲಿ. ಮೇಲಿನ ಓಣಿಯ ಪುಟಗಳು ತುಂಬುತ್ತ ಹೋದವು. ಒಂದೊಂದು ಮನೆಯಿಂದ ನರಳುವ ಸದ್ದು ಕೇಳಿದಾಗಲೂ ನನ್ನ ಎದೆಯಲ್ಲಿ ಎರಡು ಸಲ ಬಡಿಯುತ್ತಿತ್ತು, ಒಂದು ಅಯ್ಯೋ ಎಂದು, ಇನ್ನೊಂದು… ಆ ಇನ್ನೊಂದನ್ನು ಹೇಳುವುದಕ್ಕೇ ಇದನ್ನು ಬರೆಯಲು ಕೂತದ್ದು. ಅದು ಸಂತೋಷ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಹುಡುಗಿಗೆ ಬರಲಿಲ್ಲ. ಈರಮ್ಮನಿಗೆ ಬಂತು, ಬಲ ಮೊಣಕಾಲಿನ ಪಕ್ಕದಲ್ಲಿ. ನಾನೇ ದಿನಾ ಹೋಗಿ ಔಷಧಿ ಹಚ್ಚುತ್ತಿದ್ದೆ. ಅವಳು ಕಡ್ಡಿಯನ್ನು ನನ್ನ ಕೈಗೆ ಕೊಡದೆ ತಾನೇ ಸುತ್ತುತ್ತಿದ್ದಳು.

“ಹತ್ತಿ ಸುತ್ತಿದೆ, ರೇಶ್ಮಿ ಸುತ್ತಿದೆ. ಈಗ ಹುಳ ಸುತ್ತಾಕತ್ತೀನಿ. ಇದರಾಗ ಎಷ್ಟು ಸೀರಿ ಆಗ್ತಾವು ಹೇಳ್ರಿ ಮಾಸ್ತರ್ರ?”

ಓಣಿಯ ಹೆಂಗಸರೆಲ್ಲ ನಕ್ಕರು; ನಾನೂ ನಕ್ಕೆ. ಎಂಟನೆಯ ದಿನ ಹುಳು ಒಳಗೇ ಹರಿಯಿತು. ಮೊಣಕಾಲು ಕುಂಬಳಕಾಯಿಯಂತೆ ಬಾತಿತು. ಜೀವ ಉಳಿಯುತ್ತದೋ ಇಲ್ಲವೋ ಎಂಬಲ್ಲಿಗೆ ಹೋಗಿ ಉಳಿಯಿತು, ಕಾಲು ಮಾತ್ರ ಮತ್ತೆ ಮಡಚಲಿಲ್ಲ. ಮಡಚದ ಕಾಲಿಗೆ ಗುಣಿಯೊಳಗೆ ಜಾಗವಿಲ್ಲ. ಅವಳು ಮತ್ತೆಂದೂ ಮಗ್ಗದಲ್ಲಿ ಕೂರಲಿಲ್ಲ. ಆ ಊರಿನಲ್ಲಿ ಅಂಥ ಅಂಚು ಕೂಡಿಸುವ ಕೈ ಅವತ್ತಿಗೆ ನಿಂತುಹೋಯಿತು.

ನನ್ನ ವರದಿ ಮೇಲೆ ಹೋಯಿತು. ಪುರಾವೆ ಗಟ್ಟಿಯಾಗಿತ್ತು. ಹೊಸ ಸರ್ಕಾರ ಬಾವಿಯ ಮೆಟ್ಟಿಲು ಮುಚ್ಚಿಸಿ, ಕಟ್ಟೆ ಕಟ್ಟಿಸಿ, ರಾಟೆ ಹಾಕಿಸಿತು. ಎರಡೇ ವರ್ಷದಲ್ಲಿ ಎರಡೂ ಓಣಿಯಲ್ಲಿ ಹುಳು ಇಲ್ಲವಾಯಿತು. ನನಗೆ ಬಡ್ತಿ ಸಿಕ್ಕಿತು. ಮುಂದೆ ಹೋದ ಊರಲ್ಲೆಲ್ಲ ಮೊದಲು ಬಾವಿ ನೋಡಿದೆ, ಎಷ್ಟೋ ಮೆಟ್ಟಿಲು ಮುಚ್ಚಿಸಿದೆ. ಇದೆಲ್ಲ ನಿಜ. ಆ ಪುರಾವೆ ಇಲ್ಲದಿದ್ದರೆ ಬಾವಿಯ ಮೆಟ್ಟಿಲು ಮುಚ್ಚುತ್ತಿರಲಿಲ್ಲವೇನೋ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಆದರೆ ಅವಳು ಹಳೇ ಸೀರೆ ಕೇಳಿದ್ದಳು, ಬಾವಿ ಕೇಳಿರಲಿಲ್ಲ. ಒಂದು ಮನೆ ಸೋಸಿಕೊಂಡು ಕುಡಿದಿದ್ದರೆ ನನ್ನ ಪಟ್ಟಿಯಲ್ಲಿ ಒಂದು ಗೆರೆ ಕಡಿಮೆಯಾಗುತ್ತಿತ್ತು, ಅಷ್ಟೇ.

ಈಚೆಗೆ ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಓದಿದೆ — ನಾರುಹುಳು ನಮ್ಮ ದೇಶದಿಂದಲೇ ತೊಲಗಿತು ಎಂದು. ಹೆಂಡತಿಗೆ ಓದಿ ಹೇಳಿದೆ. ಅವಳು ನನ್ನ ಸಾಧನೆಯೆಂದು ಹಿಗ್ಗಿ ಅವತ್ತು ಚಹಕ್ಕೆ ಪೂರ್ತಿ ಸಕ್ಕರೆ ಹಾಕಿದಳು. ಅದನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಪೆಟ್ಟಿಗೆ ತೆಗೆದೆ. ಮೇಲಿನ ಓಣಿಯ ಅರಿವೆ ಮಡಿಕೆ ಬಿಚ್ಚದೆ ಹಾಗೇ ಇತ್ತು. ಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆ, ಮಕ್ತಲದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆ.

ಈರಮ್ಮ ಪಡಸಾಲೆಯಲ್ಲಿ ಬಲಗಾಲು ನೆಟ್ಟಗೆ ಚಾಚಿ ಕೂತು ನೂಲಿನ ರಾಟೆಯಲ್ಲಿ ಲಾಳಿಗೆ ಹಾಕುವ ಕಂಡಿಕೆ ಸುತ್ತುತ್ತಿದ್ದಳು. ಮೊಮ್ಮಗ ಒಳಗೆ ನೇಯುತ್ತಿದ್ದ. ಮಗ್ಗದ ಸದ್ದಿಗೆ ಕಿವಿಗೊಟ್ಟು ಅವಳು ಇಲ್ಲಿಂದಲೇ “ಹಗೂರ ಬಡಿಯೋ” ಎಂದು ತಿದ್ದುತ್ತಿದ್ದಳು. ನನ್ನನ್ನು ಕಂಡು ಹುಬ್ಬಿಗೆ ಕೈ ಹಚ್ಚಿದಳು.

“ಸೂಜಿ ಮಾಸ್ತರ್ರ ಅಲ್ಲೇನು? ಇನ್ನಾ ಅದೀರಾ! ಯಾರಿಗಿ ಚುಚ್ಚಾಕ ಬಂದ್ರಿ?”

ಊಟಕ್ಕೆ ರೊಟ್ಟಿ, ಪುಂಡಿಪಲ್ಯ. ಊರ ಮಾತು, ಮೊಮ್ಮಕ್ಕಳ ಮಾತು. ಅವಳ ಮುಖದಲ್ಲಿ ಯಾವ ಕಹಿಯೂ ಇರಲಿಲ್ಲ. ಅದೇ ನನಗೆ ಹೇಳುವುದನ್ನು ಕಷ್ಟ ಮಾಡಿತು. ಅಂಗಳದಲ್ಲಿ ನಲ್ಲಿ ಇತ್ತು. ಕೈ ತೊಳೆಯಲು ಹೋದವನು ಹಾಗೇ ನಿಂತೆ. ನಲ್ಲಿಯ ಬಾಯಿಗೆ ಹಳೇ ಸೀರೆಯ ತುಂಡೊಂದು ಕಟ್ಟಿತ್ತು. ನಾಲ್ಕು ಮಡಿಕೆ.

ಒಳಗೆ ಬಂದು ಗಂಟನ್ನು ಅವಳ ಮುಂದಿಟ್ಟೆ. ಅವಳು ಬಿಚ್ಚಲಿಲ್ಲ, ಮೇಲಿಂದಲೇ ಬೆರಳಾಡಿಸಿದಳು.

“ಇದು ನನ್ನ ಕೈ ಐತಿ. ಮೇಲಿನ ಓಣಿದು, ಪೂರಾ ಅದಾವು,” ಎಂದು ಎಷ್ಟು ತುಂಡೆಂಬುದನ್ನೂ ಹೇಳಿದಳು. ಒಂದೂ ತಪ್ಪಿರಲಿಲ್ಲ.

“ಕಮ್ಮಿ ಬಿದ್ದಿದ್ದಿಲ್ಲ, ಈರಮ್ಮ,” ಎಂದೆ. “ಹಳೇ ಸೀರಿನೂ ನಡೀತಿತ್ತು. ನನಗ ಗೊತ್ತಿತ್ತು.” ಆಮೇಲೆ ಎಲ್ಲ ಹೇಳಿದೆ — ಎರಡು ಪಟ್ಟಿ, ನಂಬರು, ಅಕ್ಕನ ಮನೆಗೆ ಹೋಗುವುದನ್ನು ತಡೆದದ್ದು, ಆ ಸಂತೋಷ.

ಅವಳು ಕಂಡಿಕೆ ತುಂಬುವವರೆಗೂ ಸುತ್ತಿದಳು. ಎಳೆ ಕಡಿದು ಪಕ್ಕಕ್ಕಿಟ್ಟಳು.

“ಅರಿವಿ ಕಮ್ಮಿ ಬಿದ್ದಿಲ್ಲಂತ ಅವತ್ತೇ ಗೊತ್ತಿತ್ರಿ. ಯಾರಿಗೋ ಕೊಟ್ಟಿರಬೇಕು ಅಂದ್ಕೊಂಡೆ. ಬಾವಿ ಮೆಟ್ಟಿಲ ಮುಚ್ಚಿಸಿದ್ದು ಚಲೋ ಆತು, ನಾ ಇಲ್ಲ ಅನ್ನಾಂಗಿಲ್ಲ. ಆದ್ರ ಮಾಸ್ತರ್ರ, ನನಗ ಒಂದು ಮಾತು ಕೇಳಬೇಕಿತ್ತು ನೀವು. ಹಿಂಗಿಂಗ ಐತಿ, ನೀ ಸೋಸಬ್ಯಾಡ, ಹುಳ ಬಂದ್ರ ಬಂದೀತು ಅಂತ. ನಾ ಹೂಂ ಅಂತಿದ್ನೋ ಊಹೂಂ ಅಂತಿದ್ನೋ — ನನಗೂ ಗೊತ್ತಿಲ್ಲ. ಅದನ್ನ ತಿಳ್ಕೊಳ್ಳಾಕ ಬಿಡಲಿಲ್ಲ ನೀವು.”

ಜೀವಮಾನವೆಲ್ಲ ತಿಳಿದುಕೊಳ್ಳುವುದೇ ದೊಡ್ಡದು ಎಂದು ಬದುಕಿದವನು ನಾನು.

ಗಂಟನ್ನು ಅವಳ ಕಡೆಗೆ ಸರಿಸಿದೆ. ಅವಳು ತಿರುಗಿ ನನ್ನ ಕಡೆಗೆ ಸರಿಸಿದಳು.

“ಹಾಸು ನಿಮ್ಮದು. ನಾ ಒಂದು ಗೇಣೂ ಇಟ್ಕೊಳ್ಳಾಂಗಿಲ್ಲ.”

ಅದು ವಾಪಸು ಬಂದಿದೆ. ಇದನ್ನು ಬರೆಯುವಾಗ ನನ್ನ ಪಕ್ಕದಲ್ಲೇ ಇದೆ. ನೋಟುಬುಕ್ಕಿನಲ್ಲಿ ಹನ್ನೊಂದು ಎಂದಿದ್ದ ಕಡೆ ಈರಮ್ಮ ಎಂದು ಬರೆದಿದ್ದೇನೆ. ಉಳಿದವರ ಹೆಸರುಗಳನ್ನು ಅವಳನ್ನೇ ಕೇಳಿಕೊಂಡು ಬಂದೆ, ಅವನ್ನೂ ಬರೆಯುತ್ತಿದ್ದೇನೆ.

ಹೊರಡಲು ಎದ್ದಾಗ ಅವಳು ಮಗಳನ್ನು ಕರೆದು ತೆಲುಗಿನಲ್ಲಿ “ಆ ಚೆಂಬು ಇಟ್ಲ ತೇವೇ ನಾಗಮ್ಮಾ” ಎಂದಳು. ನಾಗಮ್ಮ ತಂದ ತುಂಬಿದ ತಂಬಿಗೆಯನ್ನು ತಾನೇ ನನ್ನ ಕೈಗೆ ಕೊಟ್ಟಳು.

“ಬಿಸಲಾಗ ಹೊಂಟೀರಿ, ಕುಡೀರಿ. ಹಳೇ ಸೀರ್ಯಾಗ ಸೋಸಿದ್ದು.”

ನಿಂತೇ ಪೂರ್ತಿ ಕುಡಿದೆ. ಬರಿದಾದ ತಂಬಿಗೆ ತಗೊಂಡು, ಕೊಡ ಬಗ್ಗಿಸುವ ಮುಂಚೆ ಅವಳು ನನ್ನ ಮುಖ ನೋಡಿ ಕೇಳಿದಳು:

“ಇನ್ನೊಂದೀಟು ಹಾಕ್ಲ್ಯಾ?”